ತೋಪು ಎಂಬ ಇಂಗ್ಲಿಷ್ ಪದ

ಇಂಗ್ಲಿಷಿನಲ್ಲಿ ‘ಟೋಪ್’ ಎಂಬ ನಾಲ್ಕಕ್ಷರದ ಒಂದು ಪದವಿದೆ. ಟಿ, ಓ, ಪಿ, ಇ. ಈಗ ಅದನ್ನು ಯಾರೂ ಮಾತಿನಲ್ಲಿ ಬಳಸುವುದಿಲ್ಲ. ದೊಡ್ಡ ನಿಘಂಟು ತೆಗೆದರೆ ಒಂದರ ಕೆಳಗೊಂದು ನಾಲ್ಕು ಬೇರೆ ಬೇರೆ ‘ಟೋಪ್’ಗಳು ಸಿಗುತ್ತವೆ. ಒಂದಕ್ಕೂ ಇನ್ನೊಂದಕ್ಕೂ ನೆಂಟಸ್ತಿಕೆ ಇಲ್ಲ. ಮೊದಲನೆಯದು ಕ್ರಿಯಾಪದ, ವಿಪರೀತ ಕುಡಿಯುವುದು ಎಂದರ್ಥ. ಅದರಿಂದಲೇ ‘ಟೋಪರ್’, ಅಂದರೆ ಕುಡುಕ. ಎರಡನೆಯದು ಒಂದು ಜಾತಿಯ ಸಣ್ಣ ಶಾರ್ಕ್ ಮೀನು. ಮೂರನೆಯದು ಬೌದ್ಧರ ಸ್ತೂಪ. ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ 1854ರಲ್ಲಿ ಸಾಂಚಿ ಮತ್ತು ಅದರ ಸುತ್ತಲಿನ ಸ್ತೂಪಗಳ ಬಗ್ಗೆ ಬರೆದ ಪುಸ್ತಕದ ಹೆಸರೇ ‘ದಿ ಭಿಲ್ಸಾ ಟೋಪ್ಸ್’. ನಾಲ್ಕನೆಯದರ ಮುಂದೆ ‘ಭಾರತದಲ್ಲಿ’ ಎಂಬ ಗುರುತು ಹಾಕಿ, ‘ಮರಗಳ ಗುಂಪು, ವಿಶೇಷವಾಗಿ ಮಾವಿನದು’ ಎಂದು ಬರೆದಿರುತ್ತಾರೆ.

ನಾನು ಹೇಳಹೊರಟಿರುವುದು ಈ ನಾಲ್ಕನೆಯದರ ಕತೆ. ಓದುಗರಿಗೆ ಈಗಾಗಲೇ ಹೊಳೆದಿರಬೇಕು, ಇದು ನಮ್ಮ ತೋಪು. ಮಾವಿನ ತೋಪು, ಹುಣಸೆ ತೋಪು, ಗುಂಡುತೋಪು ಅನ್ನುತ್ತೇವಲ್ಲ, ಅದೇ.

ತಿಪಟೂರಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ಈ ಪದ ತರಗತಿಯಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ಕಾಗುಣಿತ ಒಂದೇ ಇದ್ದು ಮೂಲ ಬೇರೆಯಾದ ಪದಗಳಿಗೆ ಉದಾಹರಣೆ ಕೊಡಬೇಕಾದಾಗಲೆಲ್ಲ ಇದನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಹುಡುಗರು ನಗುವುದಕ್ಕೆ ಕಾರಣವಿದೆ. ಅವರ ಬಾಯಲ್ಲಿ ತೋಪು ಎಂದರೆ ಸೋಲು. ಸಿನಿಮಾ ತೋಪೆದ್ದು ಹೋಯಿತು, ಪರೀಕ್ಷೆ ತೋಪಾಯಿತು. ಅವರಪ್ಪಂದಿರ ಕಾಲಕ್ಕೆ ತೋಪು ಎಂದರೆ ಫಿರಂಗಿ. ಮೈಸೂರು ದಸರೆಯಲ್ಲಿ ಇವತ್ತಿಗೂ ಹಾರಿಸುವುದು ಕುಶಾಲತೋಪು. ಆ ತೋಪು ತುರ್ಕಿ ಭಾಷೆಯಿಂದ ಪಾರಸಿ, ಹಿಂದುಸ್ತಾನಿಗಳ ಮೂಲಕ ಬಂದದ್ದು. ‘ಗುಂಡುತೋಪು’ ಎಂದು ಬೋರ್ಡಿನ ಮೇಲೆ ಬರೆದು ಅರ್ಥ ಕೇಳಿದರೆ ಒಬ್ಬ ಹುಡುಗ ಯುದ್ಧದ ಸಾಮಾನು ಎನ್ನುತ್ತಾನೆ. ಹಿಂದಿನ ಬೆಂಚಿನವನೊಬ್ಬ, ಗುಂಡು ಅಂದರೂ ಕುಡಿಯುವುದು, ಇಂಗ್ಲಿಷಿನ ಟೋಪ್ ಅಂದರೂ ಕುಡಿಯುವುದು, ಹಾಗಾದರೆ ಇದು ಬಾರ್ ಇರಬೇಕು ಸಾರ್ ಎನ್ನುತ್ತಾನೆ. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅನ್ನುವ ಜನ ನಾವು. ಈಚಲ ತೋಪಿಗೂ ಇಂಗ್ಲಿಷಿನ ಕುಡುಕನಿಗೂ ಸಂಬಂಧ ಕಟ್ಟುವುದು ಕಷ್ಟವಲ್ಲ. ಭಾಷಾಶಾಸ್ತ್ರ ಒಪ್ಪುವುದಿಲ್ಲ, ಅಷ್ಟೆ.

ಈ ನಗೆಯ ವಿಷಯ ಎರಡು ವರ್ಷದ ಹಿಂದೆ ಗಂಭೀರವಾಯಿತು. ನಮ್ಮೂರು ತುರುವೇಕೆರೆ ಕಡೆಯ ಒಂದು ಸಣ್ಣ ಹಳ್ಳಿ. ಅಲ್ಲಿಂದ ಇಬ್ಬರು ಹಿರಿಯರು ಒಂದು ಭಾನುವಾರ ತಿಪಟೂರಿನ ನಮ್ಮ ಮನೆಗೆ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಹಳೆಯ ನಕಾಶೆಯ ನೆರಳಚ್ಚು ಪ್ರತಿ. ಸಂಸ್ಥಾನದ ಕಾಲದ್ದು. ಊರಿನ ಪೂರ್ವಕ್ಕೆ, ಕೆರೆ ಏರಿಯ ಕೆಳಗೆ, ಪುಟ್ಟ ಪುಟ್ಟ ಮರಗಳ ಗುರುತು ಹಾಕಿದ ಒಂದು ತುಂಡು ಜಾಗ. ಅದರ ಮೇಲೆ ಓರೆ ಅಕ್ಷರದಲ್ಲಿ ಇಂಗ್ಲಿಷಿನ ಆ ನಾಲ್ಕು ಅಕ್ಷರ. ಆ ಜಾಗದಲ್ಲಿ ಈಗ ಮಾವಿಲ್ಲ, ಹುಣಸೆಯಿಲ್ಲ. ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಪಕ್ಕದ ಜಮೀನಿನವರು ಇಟ್ಟ ತೆಂಗಿನ ಸಸಿಗಳು ಕಾಯಿ ಕಚ್ಚುವಷ್ಟು ಬೆಳೆದಿವೆ. ಉಳಿದ ಜಾಗವನ್ನು ಅಳತೆ ಮಾಡಿಸಬೇಕೆಂದು ಊರವರು ಅರ್ಜಿ ಹಾಕಿದ್ದರು. ಆಚೆ ಕಡೆಯವರ ವಾದ ಸರಳವಾಗಿತ್ತು: ನಕಾಶೆಯಲ್ಲಿರುವ ಇಂಗ್ಲಿಷ್ ಪದಕ್ಕೆ ತೋಟ ಎಂದೇ ಅರ್ಥ, ತೋಟ ಅಂದಮೇಲೆ ಅದು ಯಾರದೋ ಸ್ವಂತದ್ದು, ನಮ್ಮ ತಾತಂದಿರದ್ದು. ಮೊಬೈಲಿನಲ್ಲಿ ಆ ಪದ ಹುಡುಕಿದ ಊರ ಹುಡುಗನಿಗೆ ಸಿಕ್ಕ ಅರ್ಥ ‘ಅತಿಯಾಗಿ ಮದ್ಯ ಸೇವಿಸು’. ಆಮೇಲೆ ಶಾರ್ಕ್ ಮೀನು.

“ನೀನು ಇಂಗ್ಲಿಷ್ ಮೇಷ್ಟ್ರು. ಇದೇನು ಅಂತ ಒಂದು ಹಾಳೆಯಲ್ಲಿ ಬರೆದುಕೊಡು,” ಅಂದರು ಹಿರಿಯರು. ಕಾಫಿ ಕುಡಿದು, ಒಂದು ಮಂಕರಿ ಕಾಯಿ ಇಳಿಸಿ ಹೋದರು.

ಆ ಒಂದು ಹಾಳೆ ಬರೆಯಲು ನನಗೆ ಮೂರು ವಾರ ಹಿಡಿಯಿತು. ಅಷ್ಟು ದಿನ ತರಗತಿಯ ತಮಾಷೆಗೆ ಬಳಸುತ್ತಿದ್ದ ಪದಕ್ಕೆ ಇಷ್ಟು ದೊಡ್ಡ ಸಂಸಾರವಿದೆ ಎಂದು ಗೊತ್ತಾದದ್ದು ಆಗ.

ಇಂಥ ಪದಗಳಿಗೆ ಮೊದಲು ನೋಡಬೇಕಾದ ಪುಸ್ತಕ ‘ಹಾಬ್ಸನ್-ಜಾಬ್ಸನ್’. ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್ ಸೇರಿ ಮಾಡಿದ ಆಂಗ್ಲೋ-ಇಂಡಿಯನ್ ಪದಕೋಶ ಅದು, 1886ರಲ್ಲಿ ಅಚ್ಚಾಯಿತು. ಬರ್ನೆಲ್ ದಕ್ಷಿಣ ಭಾರತದಲ್ಲಿ ನ್ಯಾಯಾಧೀಶರಾಗಿದ್ದ ವಿದ್ವಾಂಸ. ಪುಸ್ತಕ ಹೊರಬರುವ ಮೊದಲೇ ತೀರಿಕೊಂಡರು. ಅಲ್ಲಿ ‘ಟೋಪ್’ಗೆ ಮೂರು ಅರ್ಥ ಕೊಟ್ಟು, ಮೂರಕ್ಕೂ ಮೂಲ ಬೇರೆ ಎಂದು ಹೇಳಿದ್ದಾರೆ. ಫಿರಂಗಿ, ಮರಗಳ ತೋಪು, ಸ್ತೂಪ. ತೋಪಿನ ವಿಷಯಕ್ಕೆ ಬಂದಾಗ ಒಂದು ಸ್ವಾರಸ್ಯದ ಮಾತಿದೆ. ಉತ್ತರ ಭಾರತದ ಇಂಗ್ಲಿಷರೆಲ್ಲ ಈ ಪದವನ್ನು ಧಾರಾಳವಾಗಿ ಬಳಸುತ್ತಾರಂತೆ, ಆದರೆ ಅಲ್ಲಿನ ಜನಕ್ಕೆ ಅದು ಗೊತ್ತೇ ಇಲ್ಲವಂತೆ. ಏಕೆಂದರೆ ಪದ ದಕ್ಷಿಣದ್ದು. ತಮಿಳಿನಲ್ಲಿ ತೋಪ್ಪು, ತೆಲುಗು ಕನ್ನಡಗಳಲ್ಲಿ ತೋಪು. ಮದರಾಸಿನಲ್ಲಿ ಕಲಿತ ಪದವನ್ನು ಇಂಗ್ಲಿಷರು ದಿಲ್ಲಿಯವರೆಗೆ ಹೊತ್ತುಕೊಂಡು ಹೋಗಿ, ಇದೇ ದೇಶಭಾಷೆ ಎಂದು ತಿಳಿದು ಮಾತಾಡಿದರು.

ಸೈನ್ಯಕ್ಕೆ ಈ ಪದ ಬೇಕಿತ್ತು. ಬಿಸಿಲಿನಲ್ಲಿ ನಡೆದು ಬಂದ ದಂಡು ಡೇರೆ ಹಾಕುವುದು ಎಲ್ಲಿ? ತೋಪಿನಲ್ಲಿ. ಶತ್ರು ಅಡಗುವುದು ಎಲ್ಲಿ? ಅದೂ ತೋಪಿನಲ್ಲೇ. ಹಾಗಾಗಿ ಇಂಗ್ಲಿಷರ ಕಾಗದಪತ್ರಗಳಲ್ಲಿ ಈ ಪದ ನೆರಳಿಗೆ ಸೇರಿದಷ್ಟೇ ಭಯಕ್ಕೂ ಸೇರಿದ್ದು. ಅವರ ಚರಿತ್ರೆಯಲ್ಲಿ ಹೆಸರಾದ ತೋಪೊಂದು ನಮ್ಮಲ್ಲೇ ಇದೆ. ಶ್ರೀರಂಗಪಟ್ಟಣದ ಹತ್ತಿರದ ಸುಲ್ತಾನ್‌ಪೇಟೆ ತೋಪು.

1799ರ ಏಪ್ರಿಲ್ 5. ಜನರಲ್ ಹ್ಯಾರಿಸ್‌ನ ಸೈನ್ಯ ಟಿಪ್ಪುವಿನ ಕೋಟೆಯ ಮುಂದೆ ಬಂದು ಇಳಿದಿತ್ತು. ನಡುವೆ ನೀರುಕಾಲುವೆಗಳು ಹಾಯ್ದಿದ್ದ, ಒತ್ತಾಗಿ ಮರಗಳಿದ್ದ ತೋಪು. ಅದರೊಳಗೆ ಟಿಪ್ಪುವಿನ ಸೈನಿಕರು. ರಾತ್ರಿ ಹೊತ್ತಿನಲ್ಲೇ ಅದನ್ನು ಹಿಡಿಯಬೇಕೆಂದು ಹೊರಟವನು ಇಪ್ಪತ್ತೊಂಬತ್ತು ವರ್ಷದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಹಗಲಿನಲ್ಲಿ ಆ ಜಾಗವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಕತ್ತಲೆಯಲ್ಲಿ ಸಾಲು ಮುರಿಯಿತು, ಕಾಲುವೆಗೆ ಕಾಲು ಜಾರಿತು, ಗುಂಡು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯಲಿಲ್ಲ. ವೆಲ್ಲೆಸ್ಲಿಗೆ ಮಂಡಿಗೆ ಪೆಟ್ಟಾಯಿತು, ಅವನ ದಳದ ಕೆಲವರು ಸೆರೆಸಿಕ್ಕರು, ಅವನು ನಡುರಾತ್ರಿಯ ಹೊತ್ತಿಗೆ ಹ್ಯಾರಿಸ್‌ನ ಡೇರೆಗೆ ಬಂದು ಸೋತೆನೆಂದು ವರದಿ ಮಾಡಿದ. ಮರುದಿನ ಬೆಳಕಿನಲ್ಲಿ ದೊಡ್ಡ ಪಡೆ ಹೋಗಿ ಅದೇ ತೋಪನ್ನು ಹಿಡಿಯಿತು. ಹಗಲಿನಲ್ಲಿ ಪರಿಶೀಲಿಸದ ಜಾಗದ ಮೇಲೆ, ಸಿದ್ಧನಾಗಿ ಕೂತ ಶತ್ರುವಿನ ಮೇಲೆ, ಇನ್ನು ಮುಂದೆ ರಾತ್ರಿ ದಾಳಿ ಮಾಡಿಸುವುದಿಲ್ಲ ಎಂದು ಅವನು ಆಮೇಲೆ ತನ್ನ ಅಣ್ಣ ಗವರ್ನರ್ ಜನರಲ್‌ಗೆ ಬರೆದ. ಹದಿನಾರು ವರ್ಷದ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನ್ನು ಸೋಲಿಸಿದವನು ಇವನೇ, ಡ್ಯೂಕ್ ಆಫ್ ವೆಲಿಂಗ್ಟನ್. ಅವನನ್ನು ದಿಕ್ಕು ತಪ್ಪಿಸಿದ್ದು ಕನ್ನಡನಾಡಿನ ಒಂದು ತೋಪು. ಬರ್ನಾರ್ಡ್ ಕಾರ್ನ್‌ವೆಲ್ 1997ರಲ್ಲಿ ಬರೆದ ‘ಶಾರ್ಪ್ಸ್ ಟೈಗರ್’ ಕಾದಂಬರಿಯಲ್ಲಿ ಈ ರಾತ್ರಿಯ ಕತೆ ಬರುತ್ತದೆ. ಇವತ್ತಿನ ಇಂಗ್ಲಿಷ್ ಓದುಗರು ಟೋಪ್ ಎಂಬ ಪದವನ್ನು ಕಂಡರೆ ಇಂಥ ಚಾರಿತ್ರಿಕ ಕಾದಂಬರಿಗಳಲ್ಲಿ ಕಾಣಬೇಕು, ಇಲ್ಲವೇ ಪದಬಂಧದಲ್ಲಿ.

ವಿದ್ಯಾರ್ಥಿಗಳಿಗೆ ಈ ಕತೆ ಹೇಳಿದರೆ ಕಣ್ಣರಳಿಸಿ ಕೇಳುತ್ತಾರೆ. ಆದರೆ ಊರ ಹಿರಿಯರಿಗೆ ವೆಲ್ಲೆಸ್ಲಿಯಿಂದ ಏನೂ ಆಗಬೇಕಿರಲಿಲ್ಲ. ಅವರ ಪ್ರಶ್ನೆ ಒಂದೇ: ಟೋಪ್ ಅಂದರೆ ತೋಟವೋ ಅಲ್ಲವೋ?

ಇಲ್ಲಿ ನಮ್ಮ ಸೀಮೆಯ ಕನ್ನಡವನ್ನು ಸ್ವಲ್ಪ ಹತ್ತಿರದಿಂದ ಕೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ ಎಲ್ಲಿ ನಿಂತರೂ ತೆಂಗು ಕಾಣುತ್ತದೆ. ಆದರೆ ನಮ್ಮ ಕಡೆಯ ರೈತ ತನ್ನ ತೆಂಗಿನ ಮರಗಳಿರುವ ಜಾಗವನ್ನು ತೋಪು ಎನ್ನುವುದನ್ನು ನಾನು ಕೇಳಿಲ್ಲ. ಅದು ತೋಟ. “ತ್ವಾಟಕ್ಕೆ ಹೋಗವ್ರೆ” ಅನ್ನುತ್ತಾರೆ ಮನೆಯವರು. ತೋಟಕ್ಕೆ ಬೇಲಿ ಇದೆ, ಬದು ಇದೆ, ಬಾವಿಯೋ ಕೊಳವೆಬಾವಿಯೋ ಇದೆ. ಗೊಬ್ಬರ ಹಾಕಬೇಕು, ಪಾತಿ ಬಿಡಿಸಬೇಕು, ಮಣ್ಣು ಹೊಡೆಸಬೇಕು. ತೋಟ ಅಣ್ಣತಮ್ಮಂದಿರ ನಡುವೆ ಭಾಗವಾಗುತ್ತದೆ, ಮಗಳ ಮದುವೆಗೆ ಆಧಾರವಾಗುತ್ತದೆ, ಬ್ಯಾಂಕಿಗೆ ಅಡವಾಗುತ್ತದೆ. ಹಳೆಯ ಕನ್ನಡದಲ್ಲಿ ಇದು ತೋಂಟ. ಕುಣಿಗಲ್ ಬಳಿಯ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿ, ಎಡೆಯೂರಿನಲ್ಲಿ ಐಕ್ಯರಾದ ಶರಣರನ್ನು ಇಂದಿಗೂ ತೋಂಟದ ಸಿದ್ಧಲಿಂಗರು ಎಂದೇ ಕರೆಯುವುದು.

ತೋಪು ಬೇರೆ. ತೋಪಿಗೆ ಪಾತಿಯಿಲ್ಲ, ನೀರು ಕಟ್ಟುವವರಿಲ್ಲ. ಮಾವು, ಹುಣಸೆ, ಹೊಂಗೆ, ಇಪ್ಪೆ, ನೇರಳೆ, ಹಲಸು. ಎಳೆಯದರಲ್ಲಿ ನಾಲ್ಕು ವರ್ಷ ಕಾಪಾಡಿದರೆ ಆಮೇಲೆ ತಾನೇ ಬದುಕುವ ಮರಗಳು. ನೆಟ್ಟವನು ಅದರ ಹಣ್ಣು ತಿನ್ನುತ್ತಾನೆಂಬ ಖಾತ್ರಿಯಿಲ್ಲ. ಊರಿಗೆ ಬಂದವರ ಗಾಡಿ ಬಿಡುವುದು ತೋಪಿನಲ್ಲಿ, ದನ ಮಧ್ಯಾಹ್ನ ಮೆಲುಕು ಹಾಕುವುದು ತೋಪಿನಲ್ಲಿ, ಜಾತ್ರೆಯಲ್ಲಿ ಅಡುಗೆ ಒಲೆ ಹೂಡುವುದು, ಅಲೆಮಾರಿಗಳು ಬಿಡಾರ ಹೂಡುವುದು, ಕುರಿ ಮಂದೆ ತಂಗುವುದು ಎಲ್ಲ ತೋಪಿನಲ್ಲೇ. ಹುಣಸೆ ಫಸಲನ್ನು ಊರೊಟ್ಟಿನಲ್ಲಿ ಹರಾಜು ಹಾಕಿ ಬಂದ ಹಣವನ್ನು ದೇವಸ್ಥಾನಕ್ಕೋ ಕೆರೆ ಕೋಡಿಗೋ ಬಳಸುತ್ತಿದ್ದರು. ಕೆಳಗೆ ಬಿದ್ದ ಮಾವು, ಹೊಂಗೆ ಬೀಜ, ಇಪ್ಪೆ ಕಾಯಿ ಆಯ್ದುಕೊಂಡವರದು. ಹೊಂಗೆ ಎಣ್ಣೆ ದೀಪಕ್ಕೆ ಬೇಕಿದ್ದ ಕಾಲದಲ್ಲಿ ಅದೇನು ಸಣ್ಣ ವಿಷಯವಲ್ಲ. ಜಮೀನಿಲ್ಲದವಳೂ ತೋಪಿಗೆ ಹೋಗಿ ಮಡಿಲು ತುಂಬಿಸಿಕೊಂಡು ಬರಬಹುದಿತ್ತು. ತೋಟಕ್ಕೆ ಹಾಗೆ ಹೋದರೆ ಕಳ್ಳಿ ಎನ್ನಿಸಿಕೊಳ್ಳುತ್ತಾಳೆ.

ಇಷ್ಟು ದೊಡ್ಡ ವ್ಯತ್ಯಾಸ ಇಂಗ್ಲಿಷಿನಲ್ಲಿ ಮಸುಕಾಗಿತ್ತು. ಮದರಾಸಿನ ಸೈನ್ಯಕ್ಕೆ ತೆಂಗಿನ ಮರಗಳ ಗುಂಪೂ ಟೋಪ್, ಮಾವಿನ ಮರಗಳ ಗುಂಪೂ ಟೋಪ್. ಅದಕ್ಕೆ ಕಾರಣವೂ ಇದೆ. ತಮಿಳಿನಲ್ಲಿ ತೆಂಗಿನ ತೋಟವನ್ನು ತೆನ್ನಂತೋಪ್ಪು ಎನ್ನುವುದು ರೂಢಿ. ಇಂಗ್ಲಿಷರು ತಮಿಳು ಕಿವಿಯಿಂದ ಪದ ಕೇಳಿಸಿಕೊಂಡು ಕನ್ನಡದ ನೆಲದ ಮೇಲೆ ಬಳಸಿದರು. ಆಚೆ ಕಡೆಯವರ ವಕೀಲರು ಇದನ್ನೇ ಎತ್ತಿ ಹಿಡಿದರೆ ಏನು ಹೇಳುವುದು ಎಂದು ನಾನು ಚಿಂತಿಸಿದೆ.

ಆಗ ನೆನಪಾದವನು ಫ್ರಾನ್ಸಿಸ್ ಬುಕನನ್. ಟಿಪ್ಪು ಮಡಿದ ಮರುವರ್ಷವೇ, 1800ರಲ್ಲಿ, ಗವರ್ನರ್ ಜನರಲ್ ಆಜ್ಞೆಯ ಮೇಲೆ ಮೈಸೂರು, ಕೆನರಾ, ಮಲಬಾರುಗಳಲ್ಲಿ ಊರೂರು ಸುತ್ತಿದ ವೈದ್ಯ ಈತ. ಅವನ ಪ್ರವಾಸದ ಬರಹ ಮೂರು ಸಂಪುಟಗಳಲ್ಲಿ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳಿಗೂ ಅವನು ಬಂದಿದ್ದ. ಬುಕನನ್ ದಂಡಾಳು ಅಲ್ಲ. ರೈತರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ಬರೆದುಕೊಳ್ಳುವವನು. ಇಲ್ಲಿನವರು ತೋಟಗಳನ್ನು ನಾಲ್ಕು ಬಗೆ ಮಾಡುತ್ತಾರೆಂದು ಅವನು ದಾಖಲಿಸುತ್ತಾನೆ. ತರಕಾರಿ ತೋಟ, ತೆಂಗಿನ ತೋಟ, ಎಲೆ ತೋಟ, ಹೂವಿನ ತೋಟ. ಕನ್ನಡದ ‘ತೋಟ’ವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಗೇ ಇಟ್ಟಿದ್ದಾನೆ. ಒಂದೇ ವರ್ಷದ ಅಂತರದಲ್ಲಿ, ಒಂದೇ ಸೀಮೆಯಲ್ಲಿ, ಸೈನಿಕನಿಗೆ ಟೋಪ್ ಕಂಡಿತು, ಕೇಳಿ ತಿಳಿದುಕೊಂಡವನಿಗೆ ತೋಟ ಕೇಳಿಸಿತು.

ಕನ್ನಡದ ಕಂದಾಯ ಕಾಗದಗಳಲ್ಲಂತೂ ಗೊಂದಲವೇ ಇಲ್ಲ. ಬಾಗಾಯ್ತು ಬೇರೆ, ಗುಂಡುತೋಪು ಬೇರೆ. ತೋಟ ಬಾಗಾಯ್ತಿನಲ್ಲಿ ಬರುತ್ತದೆ, ಕಂದಾಯ ಬೀಳುತ್ತದೆ. ಗುಂಡುತೋಪು ಖರಾಬಿನಲ್ಲಿ ಬರುತ್ತದೆ. ಖರಾಬು ಎಂದರೆ ಕೆಟ್ಟದ್ದು ಎಂದು ಹೆದರಬೇಕಿಲ್ಲ. ಸಾಗುವಳಿಗೆ ಲೆಕ್ಕಕ್ಕಿಲ್ಲದ್ದು ಎಂದಷ್ಟೇ ಅರ್ಥ. ಅದರಲ್ಲೂ ಎರಡು ಬಗೆ. ಬಂಡೆ, ಕೊರಕಲು ಎಂದು ಬೇಸಾಯಕ್ಕೆ ಬಾರದ ನೆಲ ‘ಎ’ ಖರಾಬು. ಸಾರ್ವಜನಿಕ ಉಪಯೋಗಕ್ಕೆಂದು ಬಿಟ್ಟದ್ದು, ಅಂದರೆ ರಸ್ತೆ, ಹಳ್ಳ, ಸ್ಮಶಾನ, ಗುಂಡುತೋಪು ಇಂಥವು ‘ಬಿ’ ಖರಾಬು. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ಈ ಭಾಗ ಸ್ಪಷ್ಟವಾಗಿದೆ. ಬೆಲೆಯಿಲ್ಲದ್ದು ಎಂದು ಲೆಕ್ಕದಿಂದ ಹೊರಗಿಟ್ಟ ನೆಲವೇ ಎಲ್ಲರದೂ ಆಗಿ ಉಳಿದದ್ದು ನಮ್ಮ ಕಂದಾಯ ಭಾಷೆಯ ವಿಚಿತ್ರ. ಬೆಲೆ ಬಂದ ಕೂಡಲೇ ಅದರ ಮೇಲೆ ಎಲ್ಲರ ಕಣ್ಣು.

ನನ್ನ ಹಾಳೆಯಲ್ಲಿ ಇದನ್ನೆಲ್ಲ ಬರೆದೆ. 1831ರಿಂದ 1881ರವರೆಗೆ ಮೈಸೂರನ್ನು ಇಂಗ್ಲಿಷ್ ಕಮಿಷನರುಗಳೇ ಆಳಿದರು; ನಂತರವೂ ಸಂಸ್ಥಾನದ ಮೇಲಿನ ಹಂತದ ಕಾಗದಪತ್ರ ಇಂಗ್ಲಿಷಿನಲ್ಲೇ ನಡೆಯಿತು. ಹೀಗಾಗಿ ಊರಿನವರು ಗುಂಡುತೋಪು ಎಂದದ್ದು ನಕಾಶೆಯಲ್ಲಿ ಟೋಪ್ ಆಯಿತು. ಅದು ಅನುವಾದವಲ್ಲ, ಕನ್ನಡದ ಪದವೇ ಟೋಪಿ ಹಾಕಿಕೊಂಡು ನಿಂತದ್ದು. ಆದ್ದರಿಂದ ಅದರ ಅರ್ಥವನ್ನು ಲಂಡನ್ನಿನ ನಿಘಂಟಿನಲ್ಲಿ ಹುಡುಕುವ ಬದಲು ಈ ಊರಿನ ಬಾಯಲ್ಲಿ ಹುಡುಕಬೇಕು ಎಂದು ಕೊನೆಯ ವಾಕ್ಯ ಬರೆದು ಸಹಿ ಹಾಕಿದೆ.

ಬರೆಯುತ್ತಿದ್ದಾಗ ಇನ್ನೊಂದು ಯೋಚನೆ ಕಾಡತೊಡಗಿತು. ನಮ್ಮ ತೆಂಗಿನ ಸೀಮೆಗೆ ನಂಟಿರುವ ಎಷ್ಟು ಪದಗಳು ಇಂಗ್ಲಿಷಿಗೆ ಹೋಗಿವೆ! ಅವುಗಳ ಗತಿ ಏನಾಯಿತು?

ಕೊಬ್ಬರಿಯನ್ನು ನೋಡಿ. ಮಲಯಾಳದ ಕೊಪ್ಪರ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿನಲ್ಲಿ ಕೋಪ್ರಾ ಆಯಿತು. ಇವತ್ತಿಗೂ ಜಗತ್ತಿನ ಮಾರುಕಟ್ಟೆಯಲ್ಲಿ ಅದೇ ಹೆಸರು. ತಿಪಟೂರಿನ ಉಂಡೆ ಕೊಬ್ಬರಿಯ ಧಾರಣೆ ಬರೆಯುವ ಇಂಗ್ಲಿಷ್ ಪತ್ರಿಕೆಗಳಿಗೂ ಅದೇ ಪದ. ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂಡಿಟ್ಟು, ಒಳಗಿನ ನೀರು ತಾನೇ ಇಂಗಿ, ಅಲುಗಿಸಿದರೆ ಗಿಟುಕು ಗಡಗಡ ಎನ್ನುವವರೆಗೆ ಕಾಯುವ ನಮ್ಮ ಸೀಮೆಯ ತಾಳ್ಮೆ ಆ ಪದದೊಳಗೆ ಇದೆಯೋ ಇಲ್ಲವೋ, ಪದವಂತೂ ಗಟ್ಟಿಯಾಗಿದೆ. ನಾರಿಗೆ ಕಾಯರ್ ಎಂದರು. ಅದೂ ಮಲಯಾಳದ ಕಯರ್, ಹಗ್ಗ. ಅದೂ ಬದುಕಿದೆ, ಬೆಂಗಳೂರಿನ ಹಾಸಿಗೆ ಅಂಗಡಿಯಲ್ಲೂ ಕೇಳಿಸುತ್ತದೆ. ಕಾಯಿಗೆ ಕೋಕೋ ಎಂಬ ಹೆಸರು ಪೋರ್ಚುಗೀಸರದೇ. ಮೂರು ಕಣ್ಣಿನ ಚಿಪ್ಪು ಅವರಿಗೆ ಹಲ್ಲುಕಿರಿಯುವ ಮುಖದಂತೆ ಕಂಡಿತಂತೆ. ನಮಗೆ ಅದೇ ಮೂರು ಕಣ್ಣು ಮುಕ್ಕಣ್ಣನಂತೆ ಕಂಡಿತು. ಅವರವರ ಭಾವ.

ಕೊಬ್ಬರಿ ಉಳಿಯಿತು, ನಾರು ಉಳಿಯಿತು, ಕಾಯಿ ಉಳಿಯಿತು. ತೋಪು ಮಾತ್ರ ಸತ್ತಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಹಡಗಿಗೆ ಏರಿಸಬಹುದಾದ ವಸ್ತುಗಳ ಹೆಸರು ಇಂಗ್ಲಿಷಿಗೆ ಬೇಕಾಗಿತ್ತು, ಬೇಕಾಗಿದೆ. ನೆರಳನ್ನು ಹಡಗಿಗೆ ಏರಿಸಲಾಗುವುದಿಲ್ಲ. ದಂಡು ಡೇರೆ ಹಾಕುವಷ್ಟು ದಿನ ತೋಪು ಎಂಬ ಪದಕ್ಕೆ ಕೆಲಸವಿತ್ತು. ದಂಡು ಹೊರಟುಹೋದ ಮೇಲೆ ಪದಕ್ಕೂ ಕೆಲಸ ತಪ್ಪಿತು.

ಇಂಗ್ಲಿಷಿಗೆ ಅದೇನು ನಷ್ಟವಲ್ಲ. ಅದು ಅವರ ಮಾತಾಗಿರಲಿಲ್ಲ. ನನಗೆ ಚಿಂತೆಯಾದದ್ದು ಕನ್ನಡದ ಬಗ್ಗೆ. ನಮ್ಮಲ್ಲೂ ಅದೇ ತರ್ಕ ನಡೆಯುತ್ತಿದೆಯಲ್ಲ? ತೆಂಗಿಗೆ ಬೆಲೆ ಬಂದಂತೆಲ್ಲ ತೋಟ ಹಿಗ್ಗಿತು. ಕೊಳವೆಬಾವಿ ಬಂದಮೇಲೆ ಹೊಲವೂ ತೋಟವಾಯಿತು, ಗೋಮಾಳದ ಅಂಚೂ ತೋಟವಾಯಿತು. ಉಳಿದ ತೋಪಿನಲ್ಲಿ ಶಾಲೆಗೊಂದು ಮೂಲೆ, ಅಂಗನವಾಡಿಗೊಂದು ಮೂಲೆ, ನೀರಿನ ಟ್ಯಾಂಕಿಗೊಂದು, ಸಮುದಾಯ ಭವನಕ್ಕೊಂದು. ಇವೂ ಊರಿಗೆ ಬೇಕಾದವೇ. ಯಾರನ್ನೂ ದೂರುವಂತಿಲ್ಲ. ಬೆಂಗಳೂರಿನ ಅಂಚಿನ ಹಳ್ಳಿಗಳಲ್ಲಿ ಗುಂಡುತೋಪುಗಳು ಹೀಗೇ ಕರಗಿದ್ದನ್ನು ಹರಿಣಿ ನಾಗೇಂದ್ರ ಮತ್ತು ಸೀಮಾ ಮುಂಡೋಳಿ ಅಧ್ಯಯನ ಮಾಡಿ ಬರೆದಿದ್ದಾರೆ. ಅಲ್ಲಿ ನಗರ ನುಂಗಿತು, ನಮ್ಮಲ್ಲಿ ತೋಟ ನುಂಗಿತು. ಕಲ್ಪತರು ನಾಡೆಂದು ಹೆಸರಾದ ನಮ್ಮ ಸೀಮೆಯಲ್ಲಿ ಮರ ಹೆಚ್ಚಾದಂತೆ ತೋಪು ಕಡಿಮೆಯಾಯಿತು ಎಂದರೆ ಹೊರಗಿನವರಿಗೆ ಒಗಟಿನಂತೆ ಕೇಳಿಸಬಹುದು. ರೈಲಿನಲ್ಲಿ ಕೂತು ಕಿಟಕಿಯಿಂದ ನೋಡುವವರಿಗೆ ಎಲ್ಲ ಹಸಿರೇ.

ಪದ ಸಾಯುವ ಬಗೆಯೂ ಎರಡು ಭಾಷೆಗಳಲ್ಲಿ ಬೇರೆ ಬೇರೆ. ಇಂಗ್ಲಿಷಿನಲ್ಲಿ ಟೋಪ್ ಸತ್ತಾಗ ನಿಘಂಟಿನವರು ಮರ್ಯಾದೆಯಿಂದ ಹಳತು ಎಂಬ ಚೀಟಿ ಅಂಟಿಸಿದರು. ನಮ್ಮಲ್ಲಿ ತೋಪಿಗೆ ಯಾರೂ ಚೀಟಿ ಅಂಟಿಸಿಲ್ಲ. ಪಹಣಿಯಲ್ಲಿ ಅದು ಜೀವಂತವಾಗಿದೆ. ಸರ್ವೆ ನಂಬರಿದೆ, ವಿಸ್ತೀರ್ಣವಿದೆ, ‘ಸರ್ಕಾರಿ ಗುಂಡುತೋಪು’ ಎಂಬ ಬರಹವಿದೆ. ಮರವಿಲ್ಲ. ಹುಡುಗರ ಬಾಯಲ್ಲೂ ಪದ ಜೀವಂತವಾಗಿದೆ, ಆದರೆ ಅಲ್ಲಿ ಅದರ ಅರ್ಥ ಸೋಲು. ಕಾಗದದಲ್ಲಿ ಉಳಿದು ನೆಲದಲ್ಲಿ ಇಲ್ಲದ್ದು, ಬಾಯಲ್ಲಿ ಉಳಿದು ಅರ್ಥದಲ್ಲಿ ಇಲ್ಲದ್ದು. ಇಂಥ ಪದಕ್ಕೆ ಯಾವ ಚೀಟಿ ಅಂಟಿಸಬೇಕೋ ನಮ್ಮ ನಿಘಂಟುಕಾರರೇ ಹೇಳಬೇಕು.

ನಿಘಂಟು, ಪದ, ಅನುವಾದ ಎಂದಾಗ ಈ ಸೀಮೆಯ ಇಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದವರು ಬಿ.ಎಂ. ಶ್ರೀಕಂಠಯ್ಯ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡ ಕವಿತೆಗೆ ಹೊಸ ದಾರಿ ತೋರಿದವರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು ತೀ.ನಂ. ಶ್ರೀಕಂಠಯ್ಯ, 1906ರಲ್ಲಿ ಹುಟ್ಟಿದವರು; ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕೊಟ್ಟ, ಭಾಷಾಶಾಸ್ತ್ರ ಬಲ್ಲ ವಿದ್ವಾಂಸರು. ಇಬ್ಬರೂ ಶ್ರೀಕಂಠಯ್ಯಗಳೇ, ಇಬ್ಬರೂ ತೆಂಗಿನ ಸೀಮೆಯವರೇ. ಒಂದು ಭಾಷೆಯಿಂದ ಇನ್ನೊಂದಕ್ಕೆ ಏನನ್ನಾದರೂ ತರುವಾಗ ನಮ್ಮಲ್ಲಿರುವುದನ್ನು ಮೊದಲು ತಿಳಿದಿರಬೇಕು ಎಂಬುದನ್ನು ನಾನು ಇವರಿಂದ ಕಲಿತೆ. ಇಂಗ್ಲಿಷಿನ ‘ಗ್ರೋವ್’ಗೆ ಕನ್ನಡದಲ್ಲಿ ಏನು ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ತೋಟ, ಕಾಡು, ವನ, ಉಪವನ ಎಲ್ಲ ಬರುತ್ತದೆ. ತೋಪು ಬರುವುದಿಲ್ಲ. ಇಂಗ್ಲಿಷರೇ ತಮ್ಮ ಗ್ರೋವ್ ಬಿಟ್ಟು ನಮ್ಮ ತೋಪನ್ನು ಎತ್ತಿಕೊಂಡಿದ್ದರು ಎಂದು ಹೇಳಿದಾಗ ಅವರಿಗೆ ಸ್ವಲ್ಪ ಹೆಮ್ಮೆ, ಸ್ವಲ್ಪ ಸಂಕೋಚ.

ಅರ್ಜಿಯ ವಿಷಯ ಹೇಳಿಬಿಡುತ್ತೇನೆ. ಹಾಳೆಯನ್ನು ಹಿರಿಯರು ಲಗತ್ತಿಸಿದರು. ಅಳತೆಯವರು ಬಂದು ಸರಪಳಿ ಹಿಡಿದರು, ಮೂಲೆಗಳಿಗೆ ಕಲ್ಲು ನೆಟ್ಟು ಸುಣ್ಣ ಬಳಿದರು. ತೆಂಗಿನ ಮರಗಳು ಬಹುಪಾಲು ಕಲ್ಲಿನ ಒಳಗೇ ಬಿದ್ದವು. ಈಗ ಅವನ್ನು ಏನು ಮಾಡುವುದು ಎಂಬ ಜಗಳ ನಡೆಯುತ್ತಿದೆ. ಫಲ ಬಿಡುವ ತೆಂಗನ್ನು ಕಡಿಯಲು ನಮ್ಮ ಕಡೆ ಯಾರಿಗೂ ಕೈ ಬರುವುದಿಲ್ಲ, ಮಗನನ್ನು ಕಡಿದಂತೆ ಎನ್ನುತ್ತಾರೆ. ಮರ ಇಟ್ಟವರ ಮನೆಯ ಅಜ್ಜಿಯೇ ಒಂದು ದಾರಿ ಹೇಳಿದರಂತೆ: ಮರ ಇರಲಿ, ಕಾಯಿ ಊರಿನದಾಗಲಿ, ನಡುನಡುವೆ ಮಾವು ಹುಣಸೆ ಇಡಿ, ಅವು ದೊಡ್ಡವಾಗುವ ಹೊತ್ತಿಗೆ ಇವು ಮುದಿಯಾಗಿರುತ್ತವೆ. ಇದಕ್ಕೆ ಆಕೆಯ ಮಕ್ಕಳಿನ್ನೂ ಒಪ್ಪಿಲ್ಲ. ಊರವರಲ್ಲೂ ಕೆಲವರು ಒಪ್ಪಿಲ್ಲ. ತೋಟವನ್ನು ನಿಧಾನವಾಗಿ ತೋಪು ಮಾಡುವ ಆ ಲೆಕ್ಕ ನನಗೆ ಮಾತ್ರ ಬಹಳ ಹಿಡಿಸಿತು. ಕಡಿಯದೆ, ಕಾಯುತ್ತಾ, ಒಂದು ಪದದ ಅರ್ಥವನ್ನು ಮತ್ತೆ ನೆಡುವುದು.

ಈ ವರ್ಷ ಎರಡನೆಯ ಸೆಮಿಸ್ಟರಿನವರಿಗೆ ಒಂದು ಕೆಲಸ ಕೊಟ್ಟಿದ್ದೆ. ನಿಮ್ಮೂರಲ್ಲಿ ತೋಪು ಎಂಬ ಪದ ಎಲ್ಲೆಲ್ಲಿ ಉಳಿದಿದೆ, ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ ಎಂದು. ಮೂರು ತಾಲ್ಲೂಕಿನ ಮಕ್ಕಳು. ಬಂದ ಪಟ್ಟಿಯನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ತೋಪಿನ ಬಾವಿ, ತೋಪಿನ ಸ್ಕೂಲು, ತೋಪಿನ ಮುನಿಯಪ್ಪ, ತೋಪಿನ ಹಿಂದಲ ಹೊಲ, ತೋಪಿನ ಮನೆಯವರು. ಬಾವಿ ಮುಚ್ಚಿದೆ, ಸ್ಕೂಲಿನ ಮುಂದೆ ಸಿಮೆಂಟು ಅಂಗಳ, ಮುನಿಯಪ್ಪನಿಗೆ ತಗಡಿನ ನೆರಳು. ಹೆಚ್ಚಿನ ಕಡೆ ಮರವಿಲ್ಲ, ಹೆಸರಿದೆ.

ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬಳು ಹುಡುಗಿ ಬರೆದದ್ದು ಎರಡೇ ಸಾಲು. ಅವಳ ಊರಿನ ಬಸ್ ನಿಲ್ದಾಣಕ್ಕೆ ಬೋರ್ಡಿಲ್ಲ; ಕಂಡಕ್ಟರ್ “ತೋಪು, ತೋಪು ಯಾರ್ರೀ ಇಳಿಯೋರು” ಎಂದು ಕೂಗುತ್ತಾನೆ. ಅಲ್ಲಿ ಉಳಿದಿರುವುದು ಒಂದೇ ಇಪ್ಪೆ ಮರ, ಬಸ್ಸು ತಡವಾದಾಗ ಎಲ್ಲರೂ ಅದರ ಕೆಳಗೆ ನಿಲ್ಲುತ್ತಾರೆ.

ನಿಮ್ಮೂರಲ್ಲೂ ಹೀಗೊಂದು ಕೂಗು ಇರಬಹುದು. ಇಳಿದಾಗ ಒಮ್ಮೆ ತಲೆಯೆತ್ತಿ ನೋಡಿ.